ಬದುಕಿದ್ದ ಕೋಚ್ ತೀರಿಕೊಂಡ್ರು ಅಂತ ಸುದ್ದಿ! ವಿಕಿಪೀಡಿಯ ಪುಟ ಎಡಿಟ್ ಮಾಡೋ ಮುಂಚೆ ಇದನ್ನ ಓದಿ

ಯಾರ ಬಗ್ಗೆಯಾದ್ರೂ ತಿಳ್ಕೋಬೇಕು ಅಂದ್ರೆ ಈಗ ನಾವೆಲ್ಲ ಮಾಡೋದು ಒಂದೇ ಕೆಲಸ. ಮೊಬೈಲ್ ತೆಗೆದು ಹೆಸರು ಟೈಪ್ ಮಾಡ್ತೀವಿ. ಮೊದಲು ಸಿಗೋ ನಾಲ್ಕೈದು ಪುಟಗಳಲ್ಲಿ ವಿಕಿಪೀಡಿಯ ಇದ್ದೇ ಇರುತ್ತೆ. ಹುಟ್ಟಿದ್ದು ಯಾವಾಗ, ಓದಿದ್ದು ಎಲ್ಲಿ, ಈಗ ಬದುಕಿದ್ದಾರಾ ಇಲ್ವಾ, ಎಲ್ಲ ಅಲ್ಲೇ ಸಿಗುತ್ತೆ. ಓದ್ತೀವಿ, ನಂಬ್ತೀವಿ, ಇನ್ನೊಬ್ಬರಿಗೂ ಹೇಳ್ತೀವಿ.

ಆದ್ರೆ ಆ ಪುಟ ಬರೆದವರು ಯಾರು? ಸಂಬಳ ತಗೊಳ್ಳೋ ಪತ್ರಕರ್ತರಲ್ಲ, ಪ್ರೊಫೆಸರ್‌ಗಳ ಕಮಿಟಿಯೂ ಅಲ್ಲ. ನಿಮ್ಮಂಥ, ನನ್ನಂಥ ಜನ. ಪುಟದ ಮೇಲಿರೋ ‘ಸಂಪಾದಿಸಿ’ ಅನ್ನೋದನ್ನ ಒತ್ತಿದ್ರೆ ಯಾರು ಬೇಕಾದ್ರೂ ಬರೀಬಹುದು. ಡಿಗ್ರಿ ಅರ್ಧಕ್ಕೆ ಬಿಟ್ಟ ನನ್ನಂಥವನೂ ಬರೀಬಹುದು. ಅಲ್ಲಿ ಮಾರ್ಕ್ಸ್ ಕಾರ್ಡ್ ಕೇಳೋದಿಲ್ಲ. ಕೇಳೋದು ಒಂದೇ ಪ್ರಶ್ನೆ: ‘ಇದು ನಿಜ ಅನ್ನೋದಕ್ಕೆ ಮೂಲ ಎಲ್ಲಿ?’

ಈ ಒಂದು ಪ್ರಶ್ನೆ ಯಾಕೆ ಅಷ್ಟು ಮುಖ್ಯ ಅನ್ನೋದನ್ನ ಅಮೆರಿಕದ ಇಬ್ಬರು ಫುಟ್ಬಾಲ್ ಕೋಚ್‌ಗಳ ಕಥೆಯಿಂದ ನೋಡೋಣ. ದೂರದ ದೇಶದ ಕಥೆ ನಮಗ್ಯಾಕೆ ಅನ್ನಬೇಡಿ. ವಾಟ್ಸಾಪ್‌ನಲ್ಲಿ ಯಾರದ್ದೋ ಫೋಟೋ ಮೇಲೆ ‘ಓಂ ಶಾಂತಿ’ ಬಂದಾಗ ನಮ್ಮ ಕೈಯೂ ಫಾರ್ವರ್ಡ್ ಒತ್ತೋಕೆ ಹೋಗುತ್ತಲ್ಲ, ಅದೇ ಕಥೆ ಇದು.

ಯಾರು ಈ ಜೋ ಪಟರ್ನೊ?

ಮೊದಲು ಒಂದು ಮಾತು. ಅಮೆರಿಕದವರು ಫುಟ್ಬಾಲ್ ಅಂದ್ರೆ ನಾವು ಕಾಲಲ್ಲಿ ಒದೆಯೋ ಫುಟ್ಬಾಲ್ ಅಲ್ಲ. ಮೊಟ್ಟೆ ಆಕಾರದ ಚೆಂಡು, ತಲೆಗೆ ಹೆಲ್ಮೆಟ್, ಒಂದೊಂದು ಕಡೆ 11 ಜನ. ಚೆಂಡನ್ನ ಕೈಯಲ್ಲಿ ಹಿಡ್ಕೊಂಡು ಓಡ್ತಾರೆ, ಎಸೀತಾರೆ. ಅಲ್ಲಿ ಕಾಲೇಜು ಟೀಮ್‌ಗಳ ಮ್ಯಾಚ್ ಅಂದ್ರೂ ಜಾತ್ರೆ ಸೇರಿದ ಹಾಗೆ ಜನ ಸೇರ್ತಾರೆ. ಪೆನ್ಸಿಲ್ವೇನಿಯಾ ರಾಜ್ಯದ ಪೆನ್ ಸ್ಟೇಟ್ ಯೂನಿವರ್ಸಿಟಿಯ ಬೀವರ್ ಸ್ಟೇಡಿಯಂನಲ್ಲಿ 1 ಲಕ್ಷಕ್ಕೂ ಹೆಚ್ಚು ಜನ ಕೂರಬಹುದು.

ಆ ಪೆನ್ ಸ್ಟೇಟ್ ಟೀಮ್‌ನ ಕೋಚ್ ಆಗಿದ್ದವರು ಜೋ ಪಟರ್ನೊ. ಹುಟ್ಟಿದ್ದು 1926ರ ಡಿಸೆಂಬರ್ 21, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. 1950ರಲ್ಲಿ ಪೆನ್ ಸ್ಟೇಟ್‌ಗೆ ಸಹಾಯಕ ಕೋಚ್ ಆಗಿ ಬಂದ್ರು. 1966ರಲ್ಲಿ ಮುಖ್ಯ ಕೋಚ್ ಆದ್ರು. 1982 ಮತ್ತು 1986ರಲ್ಲಿ ಟೀಮ್‌ಗೆ ರಾಷ್ಟ್ರೀಯ ಚಾಂಪಿಯನ್ ಪಟ್ಟ ತಂದುಕೊಟ್ರು. 2011ರ ಅಕ್ಟೋಬರ್‌ನಲ್ಲಿ ತಮ್ಮ 409ನೇ ಗೆಲುವು ಕಂಡ್ರು. ಎಡ್ಡಿ ರಾಬಿನ್ಸನ್ ಅನ್ನೋ ಕೋಚ್‌ನ 408 ಗೆಲುವಿನ ದಾಖಲೆಯನ್ನ ಅವತ್ತು ದಾಟಿದ್ರು.

ಅದಾಗಿ ಎರಡು ವಾರ ಕಳೆಯೋದರೊಳಗೆ ಎಲ್ಲ ತಲೆಕೆಳಗಾಯ್ತು. ಅವರ ಕೈಕೆಳಗೆ ವರ್ಷಗಟ್ಟಲೆ ಸಹಾಯಕ ಕೋಚ್ ಆಗಿದ್ದ ಜೆರ್ರಿ ಸ್ಯಾಂಡಸ್ಕಿ ಮೇಲೆ ಮಕ್ಕಳ ಲೈಂಗಿಕ ದೌರ್ಜನ್ಯದ ಕೇಸ್ ದಾಖಲಾಯ್ತು. ದೂರು ಕಿವಿಗೆ ಬಿದ್ದಾಗ ಪಟರ್ನೊ ಮಾಡಬೇಕಾದಷ್ಟು ಮಾಡಿದ್ರಾ ಅನ್ನೋ ಪ್ರಶ್ನೆ ಎದ್ದಿತು. 2011ರ ನವೆಂಬರ್ 9ರಂದು ಯೂನಿವರ್ಸಿಟಿ ಆಡಳಿತ ಮಂಡಳಿ ಅವರನ್ನ ಕೆಲಸದಿಂದ ತೆಗೆದು ಹಾಕಿತು. ಅದೇ ತಿಂಗಳು ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಇರೋ ವಿಷಯವೂ ಹೊರಬಿತ್ತು.

ಆ ಶನಿವಾರ ರಾತ್ರಿ ನಡೆದಿದ್ದೇನು?

2012ರ ಜನವರಿ 21, ಶನಿವಾರ. 85 ವರ್ಷದ ಪಟರ್ನೊ ಆಸ್ಪತ್ರೆಯಲ್ಲಿದ್ರು, ಸ್ಥಿತಿ ಗಂಭೀರವಾಗಿತ್ತು. ರಾತ್ರಿ ಪೆನ್ ಸ್ಟೇಟ್ ವಿದ್ಯಾರ್ಥಿಗಳೇ ನಡೆಸೋ ‘ಆನ್‌ವರ್ಡ್ ಸ್ಟೇಟ್’ ಅನ್ನೋ ಸುದ್ದಿ ವೆಬ್‌ಸೈಟ್ ಟ್ವಿಟರ್‌ನಲ್ಲಿ ಹಾಕಿತು: ಪಟರ್ನೊ ತೀರಿಕೊಂಡಿದ್ದಾರೆ.

ಸ್ವಲ್ಪ ಹೊತ್ತಲ್ಲೇ ಸಿಬಿಎಸ್ ಸ್ಪೋರ್ಟ್ಸ್‌ನಂಥ ದೊಡ್ಡ ಸಂಸ್ಥೆಯೂ ಅದನ್ನೇ ಹಾಕಿತು. ಅದೂ ಎಲ್ಲಿಂದ ಬಂತು ಅನ್ನೋದನ್ನ ಹೇಳದೆ. ದೊಡ್ಡವರು ಹಾಕಿದ್ಮೇಲೆ ಉಳಿದವರು ಸುಮ್ನಿರ್ತಾರಾ? ಒಂದಾದ ಮೇಲೊಂದು ಕಡೆ ಸುದ್ದಿ ಹರಡಿತು.

ಆದ್ರೆ ಪಟರ್ನೊ ಬದುಕಿದ್ರು. ಕುಟುಂಬದ ವಕ್ತಾರರು ಸುದ್ದಿ ಸುಳ್ಳು ಅಂದ್ರು. ಮಕ್ಕಳು ಸ್ವತಃ ಟ್ವಿಟರ್‌ಗೆ ಬಂದು ‘ಅಪ್ಪ ಇನ್ನೂ ಇದ್ದಾರೆ’ ಅಂತ ಹೇಳಬೇಕಾಯ್ತು. ಒಂದು ಕಡೆ ಆಸ್ಪತ್ರೆಯಲ್ಲಿ ತಂದೆ, ಇನ್ನೊಂದು ಕಡೆ ಈ ಕೆಲಸ. ಆ ಮನೆಯವರಿಗೆ ಹೇಗಾಗಿರಬೇಡ!

ಸುದ್ದಿಯ ಮೂಲ ಹುಡುಕಿದಾಗ ಗೊತ್ತಾಗಿದ್ದು ಇಷ್ಟು. ‘ಆಟಗಾರರಿಗೆ ಸಾವಿನ ಬಗ್ಗೆ ಇಮೇಲ್ ಬಂದಿದೆಯಂತೆ’ ಅಂತ ಒಬ್ಬರು ಹೇಳಿದ್ರು, ಇನ್ನೊಬ್ಬರು ಅದನ್ನೇ ಖಚಿತ ಅಂದ್ರು. ಇಬ್ಬರ ಮಾತೂ ನಿಂತಿದ್ದು ಒಂದೇ ಇಮೇಲ್ ಮೇಲೆ. ಆ ಇಮೇಲೇ ನಕಲಿ. ಆನ್‌ವರ್ಡ್ ಸ್ಟೇಟ್‌ನ ಮ್ಯಾನೇಜಿಂಗ್ ಎಡಿಟರ್ ಅವತ್ತೇ ರಾತ್ರಿ ಕ್ಷಮೆ ಕೇಳಿ ರಾಜೀನಾಮೆ ಕೊಟ್ರು. ಸಿಬಿಎಸ್ ಸ್ಪೋರ್ಟ್ಸ್ ಕೂಡ ಕ್ಷಮೆ ಕೇಳಿತು.

ಪಟರ್ನೊ ನಿಜಕ್ಕೂ ತೀರಿಕೊಂಡಿದ್ದು ಮರುದಿನ, ಜನವರಿ 22ರ ಭಾನುವಾರ ಬೆಳಿಗ್ಗೆ. ವ್ಯತ್ಯಾಸ ಕೆಲವು ಗಂಟೆಗಳದ್ದೇ. ‘ಹೇಗಿದ್ರೂ ಮರುದಿನ ನಿಜವಾಯ್ತಲ್ಲ’ ಅಂತ ಕೆಲವರು ಹೇಳಬಹುದು. ಆದ್ರೆ ಬರೆದ ಕ್ಷಣಕ್ಕೆ ಅದು ಸುಳ್ಳೇ. ಆಮೇಲೆ ನಿಜವಾಯ್ತು ಅನ್ನೋ ಕಾರಣಕ್ಕೆ ಮೊದಲು ಬರೆದದ್ದು ಸರಿ ಆಗಲ್ಲ.

ಅವತ್ತು ನೀವು ಎಡಿಟರ್ ಆಗಿದ್ರೆ?

ಈಗ ವಿಷಯಕ್ಕೆ ಬರೋಣ. ಆ ರಾತ್ರಿ ನೀವು ಇಂಗ್ಲಿಷ್ ವಿಕಿಪೀಡಿಯದಲ್ಲಿ ಪಟರ್ನೊ ಪುಟ ತೆರೆದು ಕೂತಿದ್ದೀರಿ ಅಂದುಕೊಳ್ಳಿ. ಮಾಡಬೇಕಾದ ಬದಲಾವಣೆ ತುಂಬಾ ಚಿಕ್ಕದು. ‘ಕೋಚ್ ಆಗಿದ್ದಾರೆ’ ಅನ್ನೋ ಅರ್ಥದ ಪದ ತೆಗೆದು ‘ಆಗಿದ್ದರು’ ಅನ್ನೋದು. ಹುಟ್ಟಿದ ದಿನದ ಪಕ್ಕ ಇನ್ನೊಂದು ದಿನಾಂಕ ಸೇರಿಸೋದು. ‘ಬದುಕಿರುವ ವ್ಯಕ್ತಿಗಳು’ ಅನ್ನೋ ವರ್ಗದಿಂದ ಹೆಸರು ತೆಗೆಯೋದು. ಒಂದೇ ನಿಮಿಷದ ಕೆಲಸ. ದೊಡ್ಡ ಸುದ್ದಿ ಸಂಸ್ಥೆಯ ಲಿಂಕ್ ಕೂಡ ಕೈಯಲ್ಲಿದೆ. ಮಾಡ್ತೀರಾ?

ವಿಕಿಪೀಡಿಯದ ನಿಯಮದ ಪ್ರಕಾರ ಬದುಕಿರುವವರ ವಿಷಯದಲ್ಲಿ ಅವಸರ ಮಾಡೋ ಹಾಗಿಲ್ಲ. ಮೊದಲು ನೋಡಬೇಕಾದ್ದು: ಹತ್ತು ಕಡೆ ಬಂದಿರೋ ಸುದ್ದಿಗೆ ಹತ್ತು ಮೂಲ ಇದೆಯಾ, ಅಥವಾ ಹತ್ತೂ ಕಡೆಯವರು ಒಂದೇ ಕಡೆಯಿಂದ ಎತ್ತಿಕೊಂಡಿದ್ದಾರಾ? ಕುಟುಂಬ, ಆಸ್ಪತ್ರೆ ಅಥವಾ ಯೂನಿವರ್ಸಿಟಿ ಹೆಸರು ಹೇಳಿ ಖಚಿತ ಮಾಡಿದ್ದಾರಾ? ಇಲ್ಲ ಅಂದ್ರೆ ಕಾಯಬೇಕು. ಈಗಾಗ್ಲೇ ಯಾರಾದ್ರೂ ಬರೆದುಬಿಟ್ಟಿದ್ರೆ ತೆಗೆಯಬೇಕು. ಬದುಕಿರುವವರ ಬಗ್ಗೆ ಮೂಲ ಇಲ್ಲದ, ವಿವಾದ ಎಬ್ಬಿಸೋ ಸಾಲು ಕಂಡ್ರೆ ಮೊದಲು ತೆಗೆಯೋದು, ಚರ್ಚೆ ಆಮೇಲೆ. ಇದು ಅಲ್ಲಿನ ಗಟ್ಟಿ ನಿಯಮ.

ವಿಕಿಪೀಡಿಯಕ್ಕೆ ಯಾರಿಗಿಂತ ಮೊದಲು ಸುದ್ದಿ ಕೊಡಬೇಕು ಅನ್ನೋ ಹಠ ಇಲ್ಲ. ಅದು ಪತ್ರಿಕೆ ಅಲ್ಲ, ವಿಶ್ವಕೋಶ. ಒಂದು ದಿನ ತಡವಾಗಿ ಬರೆದ್ರೆ ಯಾರಿಗೂ ನಷ್ಟ ಇಲ್ಲ.

ಇಂಥ ಬಿಸಿ ಸುದ್ದಿ ಹೊತ್ತಲ್ಲಿ ಪುಟಕ್ಕೆ ಅರ್ಧ ಬೀಗ ಹಾಕೋ ವ್ಯವಸ್ಥೆಯೂ ಇದೆ. ಆಗ ಖಾತೆ ಇಲ್ಲದವರು, ಹೊಸ ಖಾತೆಯವರು ಎಡಿಟ್ ಮಾಡೋಕೆ ಆಗಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಾಮಾನ್ಯವಾಗಿ ಖಾತೆಗೆ ಕನಿಷ್ಠ 4 ದಿನ ಆಗಿರಬೇಕು, 10 ಎಡಿಟ್ ಮಾಡಿರಬೇಕು.

ಈ ನಿಯಮ ಬಂದಿದ್ದು ಹೇಗೆ?

ವಿಕಿಪೀಡಿಯ ಶುರುವಾಗಿದ್ದು 2001ರ ಜನವರಿ 15ರಂದು. ಮೊದಲ ವರ್ಷಗಳಲ್ಲಿ ಇಷ್ಟು ಬಿಗಿ ಇರಲಿಲ್ಲ. 2005ರ ಮೇ ತಿಂಗಳಲ್ಲಿ ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆಂಥಾಲರ್ ಬಗ್ಗೆ ಯಾರೋ ಒಬ್ಬ ತಮಾಷೆಗೆ ಅಂತ ಸುಳ್ಳು ಪುಟ ಬರೆದ. ಜಾನ್ ಕೆನಡಿ ಮತ್ತು ರಾಬರ್ಟ್ ಕೆನಡಿ ಇಬ್ಬರ ಕೊಲೆಯಲ್ಲೂ ಇವರ ಮೇಲೆ ಅನುಮಾನ ಇತ್ತು ಅಂತ. ನಿಜ ಏನಂದ್ರೆ, ಸೀಗೆಂಥಾಲರ್ ಅದೇ ರಾಬರ್ಟ್ ಕೆನಡಿ ಜೊತೆ ಕೆಲಸ ಮಾಡಿದ್ದವರು.

ಆ ಸುಳ್ಳು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಅಲ್ಲೇ ಇತ್ತು. ಬೇರೆ ವೆಬ್‌ಸೈಟ್‌ಗಳು ಅದನ್ನ ಹಾಗೇ ನಕಲು ಮಾಡಿಕೊಂಡವು. ಸೀಗೆಂಥಾಲರ್ ಅದೇ ವರ್ಷ ನವೆಂಬರ್‌ನಲ್ಲಿ ಯುಎಸ್‌ಎ ಟುಡೇ ಪತ್ರಿಕೆಯಲ್ಲಿ ಇದನ್ನೆಲ್ಲ ಬರೆದ್ರು. ದೊಡ್ಡ ಗಲಾಟೆ ಆಯ್ತು. ಆಮೇಲೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಖಾತೆ ಇಲ್ಲದವರು ಹೊಸ ಪುಟ ಶುರು ಮಾಡೋದನ್ನ ನಿಲ್ಲಿಸಿದ್ರು. ಬದುಕಿರುವವರ ಜೀವನಚರಿತ್ರೆಗೆ ಪ್ರತ್ಯೇಕ ನಿಯಮ ಬಂತು. ಈಚೆಗೆ ತೀರಿಕೊಂಡವರಿಗೂ ಆ ನಿಯಮ ಅನ್ವಯ ಆಗುತ್ತೆ, ಯಾಕಂದ್ರೆ ಅವರ ಮನೆಯವರು ಇನ್ನೂ ಇರ್ತಾರೆ.

409, 298, ಮತ್ತೆ 409: ಯಾವುದು ಸರಿ?

ಪಟರ್ನೊ ತೀರಿಕೊಂಡ ಮೇಲೂ ಅವರ ಪುಟದ ಕೆಲಸ ಮುಗಿಯಲಿಲ್ಲ. ಗೆಲುವಿನ ಲೆಕ್ಕವೇ ಬದಲಾಯ್ತು.

2012ರ ಜುಲೈನಲ್ಲಿ ಅಮೆರಿಕದ ಕಾಲೇಜು ಕ್ರೀಡೆ ನೋಡಿಕೊಳ್ಳೋ ಎನ್‌ಸಿಎಎ ಸಂಸ್ಥೆ ಪೆನ್ ಸ್ಟೇಟ್‌ಗೆ ಶಿಕ್ಷೆ ಹಾಕಿತು. 1998ರಿಂದ 2011ರವರೆಗಿನ ಗೆಲುವುಗಳನ್ನ ದಾಖಲೆಯಿಂದ ತೆಗೆದು ಹಾಕಿತು. ಪಟರ್ನೊ ಲೆಕ್ಕದಲ್ಲಿ 111 ಗೆಲುವು ಹೋಯ್ತು. 409 ಇದ್ದದ್ದು 298 ಆಯ್ತು. 2015ರ ಜನವರಿಯಲ್ಲಿ ಒಂದು ಕೋರ್ಟ್ ಕೇಸಿನ ರಾಜಿಯಲ್ಲಿ ಆ ಗೆಲುವುಗಳನ್ನ ವಾಪಸ್ ಕೊಟ್ರು. ಮತ್ತೆ 409.

ಈಗ ಪುಟದ ಬಲಗಡೆ ಇರೋ ಮಾಹಿತಿ ಚೌಕದಲ್ಲಿ ಏನು ಬರೀಬೇಕು? 2013ರಲ್ಲಿ ಪಟರ್ನೊ ಅಭಿಮಾನಿ ಒಬ್ಬ ಬಂದು ‘ಮ್ಯಾಚ್ ಗೆದ್ದಿದ್ದು ನಾನೇ ಕಣ್ಣಾರೆ ನೋಡಿದ್ದೀನಿ’ ಅಂತ 409 ಬರೆದ ಅಂತಿಟ್ಕೊಳ್ಳಿ. ಇನ್ನೊಬ್ಬ ಸಿಟ್ಟಲ್ಲಿ ಅದನ್ನ ಅಳಿಸಿ 298 ಬರೆದ. ಮೊದಲನೆಯವನು ಮತ್ತೆ ಬದಲಾಯಿಸಿದ. ಇದಕ್ಕೆ ಅಲ್ಲಿ ‘ಎಡಿಟ್ ಯುದ್ಧ’ ಅಂತಾರೆ. ಒಂದೇ ಪುಟದಲ್ಲಿ 24 ಗಂಟೆಯೊಳಗೆ ಬೇರೆಯವರ ಎಡಿಟ್ ಅನ್ನ ಮೂರಕ್ಕಿಂತ ಹೆಚ್ಚು ಸಲ ರದ್ದು ಮಾಡೋ ಹಾಗಿಲ್ಲ. ಮಾಡಿದ್ರೆ ಖಾತೆ ಬ್ಲಾಕ್ ಆಗಬಹುದು, ನೀವು ಹೇಳ್ತಿರೋದು ಸರಿ ಇದ್ರೂ.

ದಾರಿ ಏನು? ಆಗಿದ್ದನ್ನ ಆದ ಹಾಗೆ, ದಿನಾಂಕದ ಸಮೇತ ಬರೆಯೋದು. ‘ಮೈದಾನದಲ್ಲಿ 409 ಗೆಲುವು. 2012ರಲ್ಲಿ ಎನ್‌ಸಿಎಎ 111 ಗೆಲುವು ತೆಗೆಯಿತು. 2015ರಲ್ಲಿ ವಾಪಸ್ ಕೊಟ್ಟಿತು.’ ಮೂರು ವಾಕ್ಯ, ಮೂರಕ್ಕೂ ಮೂಲ. ಓದುಗನಿಗೆ ಪೂರ್ತಿ ಚಿತ್ರ ಸಿಗುತ್ತೆ, ಜಗಳಕ್ಕೂ ಜಾಗ ಇರಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಗೆಲುವು ತೆಗೆದ್ರು ಅಂದ್ರೆ ಎದುರು ಟೀಮ್ ಗೆದ್ದ ಹಾಗೆ ಅಲ್ಲ. ಸೋತವರ ಸೋಲು ಹಾಗೇ ಉಳಿಯಿತು. ಇದು ಗೊತ್ತಿಲ್ಲದೆ ಯಾರಾದ್ರೂ ಎದುರು ಟೀಮ್‌ಗಳ ಪುಟದಲ್ಲೂ ಲೆಕ್ಕ ಬದಲಾಯಿಸಿದ್ರೆ ಒಂದು ತಪ್ಪು ಹತ್ತು ಪುಟಕ್ಕೆ ಹಬ್ಬುತ್ತೆ.

ಕಳಂಕ ಬಂದಾಗ ಬರೆಯೋದು ಹೇಗೆ?

ಸ್ಯಾಂಡಸ್ಕಿ ಅಪರಾಧಿ ಅಂತ 2012ರ ಜೂನ್‌ನಲ್ಲಿ ತೀರ್ಪು ಬಂತು. ಅದು ಕೋರ್ಟ್ ಹೇಳಿದ್ದು, ಹಾಗೇ ಬರೀಬಹುದು. ಪಟರ್ನೊ ವಿಷಯ ಬೇರೆ. ಅವರ ಮೇಲೆ ಕ್ರಿಮಿನಲ್ ಕೇಸ್ ಹಾಕಿರಲಿಲ್ಲ. ಯೂನಿವರ್ಸಿಟಿ ನೇಮಿಸಿದ ಲೂಯಿ ಫ್ರೀ ನೇತೃತ್ವದ ತನಿಖಾ ವರದಿ 2012ರ ಜುಲೈನಲ್ಲಿ ಬಂತು. ಪಟರ್ನೊ ಸೇರಿ ಹಿರಿಯರು ವಿಷಯ ಮುಚ್ಚಿಟ್ಟರು ಅಂತ ಅದು ಹೇಳಿತು. ಕುಟುಂಬ ಆ ವರದಿಯನ್ನ ಒಪ್ಪಲಿಲ್ಲ.

ಹಾಗಾಗಿ ಪುಟದಲ್ಲಿ ‘ಪಟರ್ನೊ ಮುಚ್ಚಿಟ್ಟರು’ ಅಂತ ವಿಕಿಪೀಡಿಯವೇ ತೀರ್ಪು ಕೊಟ್ಟ ಹಾಗೆ ಬರೆಯೋ ಹಾಗಿಲ್ಲ. ‘ಫ್ರೀ ವರದಿ ಹೀಗೆ ಹೇಳಿತು, ಕುಟುಂಬ ಹೀಗೆ ಉತ್ತರ ಕೊಟ್ಟಿತು’ ಅಂತ ಬರೀಬೇಕು. ಹಾಗಂತ ಒಳ್ಳೆ ಹೆಸರು ಉಳಿಸೋಕೆ ಆ ಭಾಗವನ್ನೇ ಅಳಿಸೋದೂ ತಪ್ಪು. ಅಲ್ಲಿ ನೊಂದ ಮಕ್ಕಳಿದ್ದಾರೆ. ಗೆಲುವು ಎಷ್ಟು ನಿಜವೋ ಇದೂ ಅಷ್ಟೇ ನಿಜ.

ಬಯೋಡೇಟಾ ನಂಬಿ ಕೆಟ್ಟ ಕಥೆ

ಸರಿ, ಅಧಿಕೃತ ವೆಬ್‌ಸೈಟ್‌ನಲ್ಲಿರೋದನ್ನ ಕಣ್ಣುಮುಚ್ಚಿ ಬರೀಬಹುದಾ? ಇದಕ್ಕೆ ಉತ್ತರ ಇನ್ನೊಬ್ಬ ಕೋಚ್, ಜಾರ್ಜ್ ಓಲಿಯರಿ.

2001ರ ಡಿಸೆಂಬರ್‌ನಲ್ಲಿ ನೋಟರ್ ಡೇಮ್ ಯೂನಿವರ್ಸಿಟಿ ಅವರನ್ನ ಮುಖ್ಯ ಕೋಚ್ ಮಾಡಿತು. ಅಮೆರಿಕದ ಕಾಲೇಜು ಫುಟ್ಬಾಲ್‌ನಲ್ಲಿ ಅದಕ್ಕಿಂತ ದೊಡ್ಡ ಕುರ್ಚಿ ಕೆಲವೇ ಕೆಲವು. ಆದ್ರೆ ಐದೇ ದಿನಕ್ಕೆ ರಾಜೀನಾಮೆ! ಅವರ ಬಯೋಡೇಟಾದಲ್ಲಿ ಇಲ್ಲದ ಮಾಸ್ಟರ್ಸ್ ಡಿಗ್ರಿ ಇತ್ತು. ನ್ಯೂ ಹ್ಯಾಂಪ್‌ಶೈರ್ ಯೂನಿವರ್ಸಿಟಿ ಟೀಮ್‌ನಲ್ಲಿ ಮೂರು ವರ್ಷ ಆಡಿ ಗೌರವ ಪಡೆದಿದ್ದೆ ಅಂತಲೂ ಇತ್ತು. ನಿಜದಲ್ಲಿ ಅವರು ಅಲ್ಲಿ ಒಂದು ಮ್ಯಾಚೂ ಆಡಿರಲಿಲ್ಲ. ಕೆಲಸ ಹುಡುಕೋ ಕಾಲದಲ್ಲಿ ಸೇರಿಸಿದ ಸಾಲುಗಳು ವರ್ಷಾನುಗಟ್ಟಲೆ ಅವರ ಜೊತೆಗೇ ಬಂದಿದ್ದವು. ಒಂದು ಕಡೆಯವರು ನಂಬಿದ್ದನ್ನ ಇನ್ನೊಂದು ಕಡೆಯವರು ನಂಬಿದ್ರು.

ಇದನ್ನ ಹೊರಗೆ ತಂದವರು ಯಾರು ಗೊತ್ತಾ? ರಾಷ್ಟ್ರಮಟ್ಟದ ದೊಡ್ಡ ಚಾನೆಲ್ ಅಲ್ಲ. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮ್ಯಾಂಚೆಸ್ಟರ್ ಊರಿನ ‘ಯೂನಿಯನ್ ಲೀಡರ್’ ಅನ್ನೋ ಪತ್ರಿಕೆಯ ವರದಿಗಾರ. ‘ನಮ್ಮ ಕಡೆ ಆಡಿದ್ದ ಹುಡುಗ ಇಷ್ಟು ದೊಡ್ಡವನಾದ’ ಅಂತ ಒಂದು ಒಳ್ಳೆ ಲೇಖನ ಬರೆಯೋಕೆ ಹಳೇ ಆಟಗಾರರಿಗೆ ಫೋನ್ ಮಾಡಿದ್ರು. ಅವನು ಆಡಿದ್ದು ನಮಗೆ ನೆನಪೇ ಇಲ್ಲವಲ್ಲ ಅನ್ನೋ ಉತ್ತರ ಬಂತು. ಅಲ್ಲಿಂದ ಎಳೆ ಬಿಚ್ಚಿಕೊಂಡಿತು. ಸಣ್ಣ ಊರಿನ ವರದಿಗಾರ ಮಾಡಿದ ನಾಲ್ಕು ಫೋನ್ ಕಾಲ್, ದೊಡ್ಡ ಯೂನಿವರ್ಸಿಟಿ ಮಾಡದೇ ಬಿಟ್ಟ ಕೆಲಸ.

ಓಲಿಯರಿ ಬದುಕು ಅಲ್ಲಿಗೇ ನಿಲ್ಲಲಿಲ್ಲ. 2004ರಲ್ಲಿ ಸೆಂಟ್ರಲ್ ಫ್ಲೋರಿಡಾ ಯೂನಿವರ್ಸಿಟಿ ಕೋಚ್ ಆದ್ರು. 2014ರ ಜನವರಿ 1ರಂದು ಅವರ ಟೀಮ್ ಫಿಯೆಸ್ಟಾ ಬೌಲ್ ಅನ್ನೋ ದೊಡ್ಡ ಮ್ಯಾಚ್‌ನಲ್ಲಿ ಬೇಲರ್ ಟೀಮನ್ನ 52-42ರಿಂದ ಸೋಲಿಸಿತು. ಐದು ದಿನದ ಕಥೆಯೂ ಇರಲಿ, ಆಮೇಲಿನ ಹತ್ತು ವರ್ಷದ ದುಡಿಮೆಯೂ ಇರಲಿ. ಯಾವುದಕ್ಕೆ ಎಷ್ಟು ಜಾಗ ಅನ್ನೋದರಲ್ಲೇ ಎಡಿಟರ್‌ನ ನ್ಯಾಯ ಕಾಣೋದು.

ಎಡಿಟ್ ಮಾಡೋರಿಗೆ ಸರಳ ದಾರಿ

1. ಖಾತೆ ಮಾಡಿಕೊಳ್ಳಿ, ಉಚಿತ. ಮೊದಲು ಪ್ರಯೋಗಪುಟದಲ್ಲಿ ಕೈ ಪಳಗಿಸಿ. ಶುರುವಿಗೆ ಅಕ್ಷರ ತಪ್ಪು ತಿದ್ದೋದು, ಬಿಟ್ಟುಹೋದ ಮೂಲ ಸೇರಿಸೋದು ಸಾಕು.

2. ‘ಇತಿಹಾಸ’ ತೆರೆದು ನೋಡಿ. ಯಾರು, ಯಾವಾಗ, ಏನು ಬದಲಾಯಿಸಿದ್ರು ಅನ್ನೋದು ಅಂಗಡಿ ಲೆಕ್ಕದ ಪುಸ್ತಕದ ಹಾಗೆ ಸಾಲಾಗಿ ಇರುತ್ತೆ. ನೀವು ಮಾಡಿದ್ದೂ ಅಲ್ಲಿ ಉಳಿಯುತ್ತೆ.

3. ಒಂದು ಮಾಹಿತಿ, ಒಂದು ಮೂಲ. ಲೇಖನದ ಹೆಸರು, ಪತ್ರಿಕೆ, ದಿನಾಂಕ, ಲಿಂಕ್ ಕೊಡಿ. ಲಿಂಕ್ ಇಲ್ಲದ ಅಚ್ಚಾದ ಪತ್ರಿಕೆ, ಪುಸ್ತಕವೂ ನಡೆಯುತ್ತೆ. ‘ನನಗೆ ಗೊತ್ತು’ ಅನ್ನೋದು ನಡೆಯಲ್ಲ.

4. ವಿಕಿಪೀಡಿಯ ನೋಡಿ ಬರೆದ ಸುದ್ದಿಯನ್ನೇ ವಿಕಿಪೀಡಿಯಕ್ಕೆ ಮೂಲ ಅಂತ ಕೊಡಬೇಡಿ. ಸುಳ್ಳು ಸುತ್ತು ಹೊಡೆದು ಬಂದ ತಕ್ಷಣ ನಿಜ ಆಗಲ್ಲ.

5. ಬೇರೆ ವೆಬ್‌ಸೈಟಿಂದ ಕಾಪಿ ಪೇಸ್ಟ್ ಬೇಡ. ಗೂಗಲ್‌ನಲ್ಲಿ ಸಿಕ್ಕ ಫೋಟೋ ಹಾಕಬೇಡಿ. ನೀವೇ ತೆಗೆದ ಫೋಟೋ ಆದ್ರೆ ಹಾಕಬಹುದು.

6. ಜಗಳ ಬಂದ್ರೆ ‘ಚರ್ಚೆ’ ಪುಟಕ್ಕೆ ಹೋಗಿ. ಅಲ್ಲಿ ವ್ಯಕ್ತಿಯ ಬಗ್ಗೆ ಅಲ್ಲ, ಮೂಲದ ಬಗ್ಗೆ ಮಾತಾಡಿ.

7. ನಿಮ್ಮ ಬಗ್ಗೆ, ನಿಮ್ಮ ಅಂಗಡಿ ಬಗ್ಗೆ, ನಿಮ್ಮ ನೆಂಟರ ಬಗ್ಗೆ ನೀವೇ ಬರೀಬೇಡಿ. ತಪ್ಪು ಕಂಡ್ರೆ ಚರ್ಚೆ ಪುಟದಲ್ಲಿ ತಿಳಿಸಿ.

ಏಳನೇದು ನಮ್ಮ ವ್ಯಾಪಾರಿ ಅಣ್ಣಂದಿರಿಗೆ ಬಹಳ ಮುಖ್ಯ. ‘ಇಷ್ಟು ದುಡ್ಡು ಕೊಡಿ, ನಿಮ್ಮ ಹೆಸರಲ್ಲಿ ವಿಕಿಪೀಡಿಯ ಪುಟ ಮಾಡಿಸಿಕೊಡ್ತೀವಿ’ ಅಂತ ಯಾರಾದ್ರೂ ಬಂದ್ರೆ ಹುಷಾರು. ವಿಕಿಪೀಡಿಯ ಪುಟಕ್ಕೆ ಶುಲ್ಕ ಅನ್ನೋದೇ ಇಲ್ಲ. ದುಡ್ಡು ತಗೊಂಡು ಬರೆಯೋರು ಅದನ್ನ ಬಹಿರಂಗವಾಗಿ ಹೇಳಲೇಬೇಕು ಅಂತ ನಿಯಮ ಇದೆ. ಪುಟ ಉಳಿಯೋದು ಬಿಡೋದು ದುಡ್ಡು ತಗೊಂಡವರ ಕೈಲಿ ಇಲ್ಲ. ನಿಮ್ಮ ಬಗ್ಗೆ ಪತ್ರಿಕೆ, ಪುಸ್ತಕಗಳಲ್ಲಿ ಸ್ವತಂತ್ರವಾಗಿ ಬಂದ ವರದಿ ಇಲ್ಲದಿದ್ರೆ ಪುಟ ಅಳಿಸಿ ಹೋಗುತ್ತೆ. ದುಡ್ಡೂ ಹೋಗುತ್ತೆ.

ಕನ್ನಡದಲ್ಲೂ ಇದೇ ಕೆಲಸ

ಕನ್ನಡ ವಿಕಿಪೀಡಿಯ 2003ರಿಂದ ಇದೆ. 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಇಂಗ್ಲಿಷ್‌ನಲ್ಲಿ 70 ಲಕ್ಷ ದಾಟಿರೋದಕ್ಕೆ ಹೋಲಿಸಿದ್ರೆ ಕಡಿಮೆ. ಇಂಗ್ಲಿಷ್‌ನಲ್ಲಿ ಪಟರ್ನೊ ಅಂಥವರ ಪುಟ ಕಾಯೋಕೆ ತುಂಬಾ ಕಣ್ಣುಗಳಿವೆ. ಕನ್ನಡದಲ್ಲಿ ಎಡಿಟ್ ಮಾಡೋರು ಕಡಿಮೆ. ಅಂದ್ರೆ ಒಂದು ತಪ್ಪು ಬರೆದ್ರೆ ಅದನ್ನ ಕಂಡು ಹಿಡಿಯೋರೂ ಕಡಿಮೆ. ಅದಕ್ಕೇ ಇಲ್ಲಿ ಬರೆಯೋರ ಜವಾಬ್ದಾರಿ ಹೆಚ್ಚು.

ನಮ್ಮಂಥ ಲೋಕಲ್ ವರದಿಗಾರರಿಗೂ ಇದರಲ್ಲಿ ಪಾಠ ಇದೆ. ನಮ್ಮ ತಾಲ್ಲೂಕಿನ ಒಬ್ಬ ಕಬಡ್ಡಿ ಕೋಚ್ ಬಗ್ಗೆ ನಾಳೆ ಯಾರಾದ್ರೂ ಪುಟ ಬರೆದ್ರೆ ಮೂಲ ಅಂತ ಸಿಗೋದು ನಾವು ಬರೆದ ಸುದ್ದಿಯೇ. ನಾವು ಹೆಸರು, ವರ್ಷ, ಊರು ತಪ್ಪು ಬರೆದ್ರೆ ಆ ತಪ್ಪು ಅಲ್ಲೂ ಕೂರುತ್ತೆ.

ಇನ್ನು ಓದುಗರಿಗೆ. ಯಾರದ್ದಾದ್ರೂ ಸಾವಿನ ಸುದ್ದಿ ಮೊಬೈಲ್‌ಗೆ ಬಂದ್ರೆ ಮೂರು ವಿಷಯ ನೋಡಿ. ಹೇಳಿದವರು ಯಾರು? ಅವರಿಗೆ ಹೇಗೆ ಗೊತ್ತಾಯ್ತು? ಮನೆಯವರು ಅಥವಾ ಆಸ್ಪತ್ರೆಯವರು ಖಚಿತ ಮಾಡಿದ್ದಾರಾ? ಮೂರಕ್ಕೂ ಉತ್ತರ ಸಿಗೋವರೆಗೆ ಎಡಿಟೂ ಬೇಡ, ಸ್ಟೇಟಸ್ಸೂ ಬೇಡ.